ಮೋದಿನಸಾಬನ ತೊಳೆಯದ ಕಾಲು

ಕಥೆ ಹೇಳುವವರು ಮೊದಲಿಗೆ ‘ಇದು ನಡೆದ ಕಥೆ’ ಎಂದು ಆಣೆ ಮಾಡುವುದು ವಾಡಿಕೆ. ಈ ಕಥೆಗೆ ಆ ಭಾಗ್ಯವಿಲ್ಲ. ಇದು ನಡೆದ ಕಥೆಯಲ್ಲ, ಮೂರು ವರ್ಷ ಕುಂಟಿದ ಕಥೆ. ಕುಂಟಿದ್ದು ಮೋದಿನಸಾಬನ ಬಲಗಾಲು.

ಮೋದಿನಸಾಬ ಇಂಡಿಯಿಂದ ಚಡಚಣಕ್ಕೆ ಹೋಗುವ ದಾರಿಯಲ್ಲಿರುವ ಒಂದು ಊರಿನವನು. ಲಿಂಬೆಹಣ್ಣು ಬಿಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಂದಿಯ ದನಿ ತೆಗೆಯುವುದರಲ್ಲಂತೂ ಸುತ್ತ ಹತ್ತು ಹಳ್ಳಿಯಲ್ಲಿ ಅವನಿಗೆ ಜೋಡಿ ಇರಲಿಲ್ಲ. ಇಂಡಿಯ ಲಿಂಬೆ ಬಜಾರಿನಲ್ಲಿ ಹರಾಜಿನ ಸವಾಲು ಕೂಗುವವನ ಗಂಟಲು, ಸೊಲ್ಲಾಪುರ ಬಸ್ಸಿನ ಕಂಡಕ್ಟರನ ಮೂಗು, ಎಲ್ಲವೂ ಅವನ ಬಾಯಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದವು. ಎಲ್ಲಕ್ಕಿಂತ ಚಲೋ ತೆಗೆಯುತ್ತಿದ್ದುದು ಪಂಚಾಯತಿಯ ನೀರು ಬಿಡುವ ಕಾಂತುವಿನ ದನಿ. ಕಾಂತು ಮಾತಾಡುವ ಮೊದಲು ಎರಡು ಸಲ ಕೆಮ್ಮುತ್ತಾನೆ, ಆಮೇಲೆ ‘ನೀ...ರು’ ಎಂದು ಪೈಪಿನಷ್ಟು ಉದ್ದ ಎಳೆಯುತ್ತಾನೆ. ಮೋದಿನಸಾಬ ಗಿಡದ ಮರೆಯಿಂದ ಹಾಗೆ ಎಳೆದರೆ ತೋಟದಲ್ಲಿದ್ದ ಹೆಣ್ಣುಮಕ್ಕಳು ಬುಟ್ಟಿ ಇಟ್ಟು ಮನೆಗೆ ಓಡಬೇಕು. ಕಾಲೇಜಿಗೆ ಹೋಗುವ ಮಗಳು ಮೆಹನಾಜ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ಅವನು ಹಣ್ಣು ಬಿಡಿಸುತ್ತಿದ್ದುದು ಚನ್ನಬಸಯ್ಯನವರ ತೋಟದಲ್ಲಿ. ತೋಟದ ನಟ್ಟನಡುವೆ ಅವರ ಹಿರಿಯರನ್ನು ಹೂಳಿದ ಗದ್ದುಗೆ ಇದೆ. ಅದಕ್ಕಾಗಿ ಆ ತೋಟಕ್ಕೆ ಹೋಗುವವರು ಬೇಲಿಯ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾರೆ. ಯಾರೂ ಹೇಳಿದ್ದಲ್ಲ, ಎಲ್ಲೂ ಬರೆದಿಟ್ಟದ್ದಲ್ಲ. ಮೋದಿನಸಾಬನ ಅಪ್ಪ ಬಿಡುತ್ತಿದ್ದ, ಮೋದಿನಸಾಬನೂ ಬಿಟ್ಟ. ಗದ್ದುಗೆ ಯಾರ ಮನೆಯದಾದರೇನು, ಹಿರಿಯರು ಹಿರಿಯರೇ. ಆದರೆ ಲಿಂಬೆ ಗಿಡದ ಮುಳ್ಳಿಗೆ ಈ ಮರ್ಯಾದೆಯೆಲ್ಲ ತಿಳಿಯುವುದಿಲ್ಲ.

ಒಂದು ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಹಸಿ ಮಣ್ಣಿನಲ್ಲಿ ಹೂತಿದ್ದ ಒಂದು ಮುಳ್ಳು ಅವನ ಬಲಗಾಲಿನ ಅಡಿಗೆ ಚುಚ್ಚಿ ಒಳಗೇ ಮುರಿಯಿತು. ಅವನು ಪಿನ್ನಿನಿಂದ ಕೆದರಿ ತೆಗೆದ, ಎಕ್ಕೆಯ ಹಾಲು ಹಚ್ಚಿದ, ಮರುದಿನ ಮತ್ತೆ ಗಿಡದ ಕೆಳಗೆ ಹಾಜರಾದ. ಲಿಂಬೆ ಬಿಡಿಸುವವನಿಗೆ ಮುಳ್ಳು ಚುಚ್ಚುವುದೆಂದರೆ ಚಹಾ ಕುಡಿಯುವವನಿಗೆ ನಾಲಿಗೆ ಸುಡುವಷ್ಟೇ ಸುದ್ದಿ.

ಎಂಟು ತಿಂಗಳಾದ ಮೇಲೆ ಅದೇ ಜಾಗದಲ್ಲಿ ಅಡಿಕೆಯಷ್ಟು ಗಂಟು ಎದ್ದಿತು. ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ, ಆದರೆ ನೋವಿಲ್ಲ. ನೋವಿಲ್ಲದ್ದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಗಂಟು ಒಂದಿದ್ದದ್ದು ಮೂರಾಯಿತು, ಮೂರು ಸೇರಿ ಪಾದವೇ ಬಾತಿತು. ಆಮೇಲೆ ಬಾವಿನ ಮೇಲೆ ಸಣ್ಣ ಸಣ್ಣ ತೂತು ಬಿದ್ದು ಕೀವು ಜಿನುಗತೊಡಗಿತು. ಮೆಡಿಕಲ್ ಅಂಗಡಿಯಿಂದ ಐದು ದಿನದ ಗುಳಿಗೆ ತಂದು ನುಂಗಿದರೆ ತೂತು ಮುಚ್ಚಿದಂತಾಗುತ್ತಿತ್ತು. ತಿಂಗಳು ತುಂಬುವುದರೊಳಗೆ ಪಕ್ಕದಲ್ಲೇ ಇನ್ನೊಂದು ತೆರೆಯುತ್ತಿತ್ತು. ಮಸೂತಿ ಎಂಬ ಊರಿನಲ್ಲಿರುವ ಅವನ ತಂಗಿ ಯಾವುದೋ ಬೇರು ಅರೆದು ಕಳಿಸಿದಳು. ಒಬ್ಬ ಡಾಕ್ಟರು ಕೊಯ್ದು ಕೀವು ತೆಗೆದರು. ಇನ್ನೊಬ್ಬರು ಬಹಳ ಹೊತ್ತು ನೋಡಿ, “ಹಿಂಗ ಬೆಳಕೊಂತ ಹೋದ್ರ ಕಾಲು ತೆಗೀಬೇಕಾದೀತು” ಎಂದರು.

ಅದೇ ಕೊನೆ. ಅಂದಿನಿಂದ ಮೋದಿನಸಾಬ ಯಾವ ದವಾಖಾನೆಯ ಮೆಟ್ಟಿಲೂ ಹತ್ತಲಿಲ್ಲ.

ರಂಜಾನಿಗೆಂದು ತಂದ ಹೊಸ ಚಪ್ಪಲಿ ಪೆಟ್ಟಿಗೆಯಲ್ಲೇ ಇತ್ತು. ಒಂದು ದಿನ ಅವನು ಅದನ್ನು ಹೊರಗೆ ತೆಗೆದು ಹೆಂಡತಿಯ ಮುಂದಿಟ್ಟ.

“ಯಾರಿಗರ ಕೊಟ್ಟಬಿಡ ಸೈದಾಬಿ.”

“ಯಾಕ್ರಿ? ಹೊಸಾವ ಅದಾವಲ್ಲ?”

“ಈಗ ಕೊಟ್ರ ಜೋಡಿ ಕೊಟ್ಟಂಗಾಗ್ತೈತಿ. ಮುಂದ ಒಂದ ಉಳೀತಂದ್ರ ಅದನ್ನ ಯಾರ ತೊಗೋತಾರ?”

ಸೈದಾಬಿ ಚಪ್ಪಲಿಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಗೋಧಿ ಡಬ್ಬಿಯ ಹಿಂದೆ ಸರಿಸಿದಳು.

ತೋಟದಲ್ಲಿಯೂ ಗಾಳಿ ಬದಲಾಗಿತ್ತು. ಜೊತೆಗೆ ಹಣ್ಣು ಬಿಡಿಸುವ ಲಕ್ಕವ್ವ ಒಳ್ಳೆಯವಳೇ. ಆದರೆ ಒಂದು ದಿನ ಚಹಾದ ಹೊತ್ತಿಗೆ ಅವಳು ತನ್ನ ಕಪ್ಪನ್ನು ಅವನ ಕಪ್ಪಿನಿಂದ ದೂರ ಸರಿಸಿದ್ದನ್ನು ಅವನು ಕಂಡ. “ತಪ್ಪು ತಿಳೀಬ್ಯಾಡೋ ಮೋದಿನಣ್ಣಾ, ದೊಡ್ಡರೋಗ ಇದ್ದೀತೇನೋ ಅಂತ ಮಂದಿ ಅನ್ನಾಕತ್ತಾರ” ಎಂದಳು. ದೊಡ್ಡರೋಗ ಎಂದರೆ ಕುಷ್ಠ. ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಚಹಾ ಚೆಲ್ಲಿ ಎದ್ದ. ಮರುದಿನದಿಂದ ತೋಟಕ್ಕೆ ಹೋಗುವುದನ್ನೇ ಬಿಟ್ಟ. ದನಿ ತೆಗೆಯುವುದನ್ನೂ ಬಿಟ್ಟ. ಮನೆಯಲ್ಲಿ ಅವನ ಸ್ವಂತ ದನಿಯೇ ಅಪರೂಪವಾಯಿತು.

ಒಂದು ಕೆಲಸವನ್ನು ಮಾತ್ರ ಅವನು ಬಿಡಲಿಲ್ಲ. ದಿನಾ ಮುಂಜಾನೆ ಹಿತ್ತಲ ಕಲ್ಲಿನ ಮೇಲೆ ಕುಳಿತು, ಬಿಸಿನೀರಿನಲ್ಲಿ ಕಾಲನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ಗಾಯಕ್ಕೆ ಸುತ್ತಿದ ಹಳೆಯ ಪಟ್ಟಿಯನ್ನು ಒಲೆಗೆ ಹಾಕುತ್ತಿದ್ದ. ಕೀವಿನ ಜೊತೆ ಗಸಗಸೆಯಂಥ ಸಣ್ಣ ಹರಳು ಬರುತ್ತಿದ್ದವು, ಬಿಳಿ ಹಳದಿ ಬಣ್ಣದವು. ಅವನ್ನು ಕಂಡಾಗ ಅವನಿಗೆ ಒಳಗೊಳಗೇ ಒಂದಿಷ್ಟು ಸಮಾಧಾನ. ಅವತ್ತು ಮುಳ್ಳಿನ ಜೊತೆ ಒಳಗೆ ಹೋದ ಮಣ್ಣು ಈಗ ಹೊರಗೆ ಬೀಳುತ್ತಿದೆ, ಪೂರಾ ಬಿದ್ದರೆ ಕಾಲು ತಾನೇ ನೆಟ್ಟಗಾಗುತ್ತದೆ ಎಂದು ಅವನ ಲೆಕ್ಕ.

ಆಶಾ ಕಾರ್ಯಕರ್ತೆ ರಾಜೇಶ್ವರಿ ಆ ಓಣಿಗೆ ತಿಂಗಳಿಗೆ ಎರಡು ಸಲ ಬರುತ್ತಾಳೆ. ಬಂದಾಗಲೆಲ್ಲ ಅವನು ಅವಳನ್ನು ನಿರಾಶಾ ಮಾಡಿ ಕಳಿಸುತ್ತಿದ್ದ. ಮುಳ್ಳು ಚುಚ್ಚಿ ಮೂರು ವರ್ಷವಾಗಿದ್ದ ಆ ದಿನ ಮಾತ್ರ ಅವಳು ಹಿತ್ತಲ ಬಾಗಿಲಿಂದ ಬಂದಳು. ಮೋದಿನಸಾಬ ಪಟ್ಟಿ ಬಿಚ್ಚಿ ಕುಳಿತಿದ್ದ. ಮುಚ್ಚಿಕೊಳ್ಳಲು ಸಮಯ ಸಿಗಲಿಲ್ಲ.

“ಕಾಕಾ, ತಡೀರಿ. ನೀರು ಹಾಕಬ್ಯಾಡ್ರಿ.” ಅವಳು ಬಗ್ಗಿ ನೋಡಿದಳು. “ಪಟ್ಟೀ ಮ್ಯಾಲ ಇವೇನು?”

“ಮಣ್ಣವಾ. ತೋಟದ್ದು. ಹೊರಗ ಬರಾಕತ್ತೈತಿ, ಚಲೋನ ಆತು.”

“ಇಷ್ಟು ದಿನಾ ಬರೂವಷ್ಟು ಮಣ್ಣು ನಿಮ್ಮ ಕಾಲಾಗ ಎಲ್ಲಿಂದ ಬಂತ್ರಿ? ಕಾಲಾಗೇನು ಚನ್ನಬಸಯ್ಯನವರ ಅರ್ಧ ಎಕರೆ ಇಟಗೊಂಡೀರೇನು?”

ಮೆಹನಾಜ ಒಳಗಿನಿಂದ ಕಿಸಕ್ಕನೆ ನಕ್ಕಳು. ಮೋದಿನಸಾಬನ ತುಟಿಯೂ ತುಸು ಅಲುಗಿತು, ಆದರೆ ತಡೆದುಕೊಂಡ.

ರಾಜೇಶ್ವರಿ ಕಲ್ಲಿನ ಪಕ್ಕದಲ್ಲೇ ಕುಳಿತಳು. “ಕಾಕಾ, ನಮಗ ತರಬೇತಿಯೊಳಗ ಹೇಳ್ಯಾರ. ಮುಳ್ಳು ಚುಚ್ಚಿದ ಜಾಗಾ ತಿಂಗಳಾನುಗಟ್ಟಲೆ ಆದ ಮ್ಯಾಲೆ ಬಾತ್ರ, ಬ್ಯಾನಿ ಇಲ್ದ ತೂತು ಬಿದ್ರ, ಇಂಥಾ ಹರಳು ಬಂದ್ರ, ತಡಾ ಮಾಡಬಾರ್ದು ಅಂತ. ಇದು ಅಪರೂಪದ ರೋಗ. ವಿಜಯಪುರದಾಗ ಚರ್ಮದ ಡಾಕ್ಟರಿಗೆ ತೋರಸೂಣ.”

“ತೋರಿಸಿದ್ರ ಏನ್ ಮಾಡ್ತಾರ? ಕೊಯ್ತಾರ.”

“ಮನ್ಯಾಗ ಕುಂತ್ರ?”

ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ.

ಮೆಹನಾಜ ಹೊರಗೆ ಬಂದು ಅಪ್ಪನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು. ಈಗ ಅವಳ ಮುಖದಲ್ಲಿ ನಗೆಯಿರಲಿಲ್ಲ. “ಅಬ್ಬಾ, ಕೊಯ್ತಾರಂತ ಅಂಜಿ ನೀ ಮನ್ಯಾಗ ಕುಂತಿ. ಕುಂತಷ್ಟು ಅದು ಒಳಗ ಬೆಳೀತೈತಿ. ಕಾಲು ಉಳಸಾಕ ಹೋಗೂಣು ಅಂತ ನಾ ಅಂದ್ರ, ಕಾಲು ಕೊಡಾಕ ಹೋಗೂಣು ಅಂದಂಗ ಯಾಕ ಕೇಳಸ್ತೈತಿ ನಿನಗ?”

ಮಗಳ ಮುಂದೆ ಅವನ ಹಟ ಕರಗಿತು. ಹೋಗಲು ಒಪ್ಪಿದ.

ಒಪ್ಪಿದ್ದೇನೋ ಖರೆ. ಆದರೆ ಹೊರಡುವ ದಿನ ನಸುಕಿನಲ್ಲೇ ಎದ್ದು, ಎರಡು ಬಕೆಟ್ ಬಿಸಿನೀರಿನಲ್ಲಿ ಕಾಲು ತೊಳೆದ. ತೂತುಗಳನ್ನು ಹಿಂಡಿ ಒರೆಸಿದ, ಡೆಟಾಲ್ ಹಚ್ಚಿದ, ಬಿಳಿ ಬಟ್ಟೆ ಸುತ್ತಿದ. ದೊಡ್ಡವರ ಮುಂದೆ ಹೊಲಸು ಕಾಲು ಹೇಗೆ ಇಡುವುದು?

ವಿಜಯಪುರದ ದವಾಖಾನೆಯಲ್ಲಿ ಚರ್ಮದ ಡಾಕ್ಟರಮ್ಮ ಪಟ್ಟಿ ಬಿಚ್ಚಿದರು. ಕಾಲು ಮದುವೆಗೆ ಹೊರಟ ಹಾಗೆ ಚೊಕ್ಕವಾಗಿತ್ತು. ಅವರು ಒತ್ತಿದರು, ಹಿಂಡಿದರು, ಏನೂ ಬರಲಿಲ್ಲ. ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟಿ, “ಗೊತ್ತಾಗ್ತೈತೇನ್ರಿ?” ಎಂದು ಕೇಳಿದರು. ಅವನಿಗೆ ಎಲ್ಲ ಕಡೆಯೂ ಗೊತ್ತಾಗುತ್ತಿತ್ತು. ಮೈಮೇಲೆ ಬೇರೆಲ್ಲೂ ಮಚ್ಚೆಯಿರಲಿಲ್ಲ.

“ಮಂದಿ ಇದನ್ನ ಕುಷ್ಠ ಅಂದ್ರಂತ ನಿಮ್ಮ ಮಗಳು ಹೇಳಿದ್ಲು, ಹೌದ್ರಿ? ಅಲ್ಲ. ಒಂದ ವೇಳೆ ಇದ್ರೂ ಅಂಜೂ ಕಾರಣ ಇಲ್ಲ, ಅದಕ್ಕೂ ಪೂರಾ ಔಷಧಿ ಐತಿ. ಈಗ ಹೇಳ್ರಿ, ಕೀವಿನ ಜೋಡಿ ಹರಳು ಬರ್ತಾವೇನು?”

ಮೋದಿನಸಾಬನಿಗೆ ನಾಚಿಕೆಯಾಯಿತು. ಕೋಣೆಯ ತುಂಬ ಕಲಿಯುವ ಹುಡುಗಿಯರು ನಿಂತಿದ್ದರು. “ಹರಳಗಿರಳ ಏನೂ ಇಲ್ರಿ” ಎಂದುಬಿಟ್ಟ.

“ಬರ್ತಾವ್ರಿ ಡಾಕ್ಟರ್” ಎಂದಳು ಮೆಹನಾಜ. “ಇವತ್ತ ಅವನ್ನೆಲ್ಲಾ ತೊಳದು ಬಂದಾನ.”

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಸ್ಟೂಲು ಎಳೆದು ಅವನ ಸಮಕ್ಕೆ ಕುಳಿತರು. “ನೋಡ್ರಿ ಚಾಚಾ, ಇದು ಮೈಸಿಟೋಮಾ ಇರಬೇಕಂತ ನನಗ ಅನುಮಾನ. ಮಣ್ಣಾಗಿರೂ ಜೀವಿ ಮುಳ್ಳಿನ ಬೆನ್ನ ಹತ್ತಿ ಒಳಗ ಹೋಗಿ ಮನಿ ಕಟ್ಟೈತಿ. ಇದರಾಗ ಎರಡು ಜಾತಿ. ಒಂದು ಬ್ಯಾಕ್ಟೀರಿಯಾದ್ದು, ಒಂದು ಬೂಸ್ಟಿನ ಜಾತೀದು. ಹೊರಗ ನೋಡಿದ್ರ ಎರಡೂ ಒಂದ ಥರಾ. ಆದ್ರ ಒಂದರ ಔಷಧಿ ಇನ್ನೊಂದಕ್ಕ ನಾಟಂಗಿಲ್ಲ. ಯಾವುದಂತ ಗೊತ್ತಾಗೂ ಮೊದಲ ಔಷಧಿ ಕೊಟ್ರ ವರ್ಷಾನುಗಟ್ಟಲೆ ನುಂಗಿದ್ರೂ ಫಾಯಿದೆ ಇಲ್ಲ. ಆ ಹರಳನ್ನ ಸೂಕ್ಷ್ಮದರ್ಶಕದಾಗ ನೋಡಿದ್ರ ದಾರಿ ಸಿಗ್ತೈತಿ. ನೀವು ತೊಳದು ಒಗದದ್ದು ಹೊಲಸಲ್ಲ, ರೋಗದ ವಿಳಾಸ.”

“ಕಾಲು ಉಳೀತೈತೇನ್ರಿ?” ಅವನ ದನಿ ಅವನಿಗೇ ಕೇಳಿಸಲಿಲ್ಲ.

“ಈಗ ಹೇಳಿದ್ರ ಸುಳ್ಳಾಗ್ತೈತಿ. ಎಲುಬಿನ ಎಕ್ಸ್‌ರೇ ತೆಗಸ್ತೇನಿ. ಮುಂದಿನ ವಾರ ಒಳಗಿಂದ ಸಣ್ಣ ಚೂರು ತೆಗದು ಪರೀಕ್ಷಾಕ್ಕ ಕಳಸ್ತೇನಿ. ಅವತ್ತ ಹಿಂದಿನ ದಿನ ಕಟ್ಟಿದ ಪಟ್ಟೀನ್ನ ಹಂಗ ಇಟಗೊಂಡು ಬರ್ರಿ. ಬಿಚ್ಚಬ್ಯಾಡ್ರಿ, ತೊಳೀಬ್ಯಾಡ್ರಿ.”

ಮೋದಿನಸಾಬ ಮನೆಗೆ ಬಂದವನೇ ಸೈದಾಬಿಗೆ ಸಾಫ್ ಹೇಳಿದ: “ಹೋಗ್ತೇನಿ. ಆದ್ರ ತೊಳಕೊಂಡ ಹೋಗ್ತೇನಿ. ನಾರೂ ಕಾಲು ಹೊತಗೊಂಡು ಬಸ್ಸಿನಾಗ ಕುಂತ್ರ ಮಂದಿ ಎದ್ದು ನಿಲ್ತಾರ. ಲಕ್ಕವ್ವ ಕಪ್ಪು ಸರಿಸಿದ್ದು ಸಾಕಾಗೈತಿ ನನಗ.”

ಮಂದಿ ಮಾಡಿದ ಗಾಯವನ್ನು ಮಂದಿಯ ಮುಂದೆ ಬಿಚ್ಚಿಡುವುದು ಸುಲಭವಲ್ಲ.

ಮುಂದಿನ ವಾರ ಹೊರಡುವ ಹಿಂದಿನ ಸಂಜೆ ರಾಜೇಶ್ವರಿಯೇ ಬಂದು ಚೊಕ್ಕ ಪಟ್ಟಿ ಕಟ್ಟಿ ಹೋದಳು. ಬೆಳಗಾಯಿತು. ಮೋದಿನಸಾಬ ಮಸೀದಿಗೆ ಹೋಗಿ ಬಂದ. ಗಾಯದ ಪಟ್ಟಿಯ ಮೇಲೆ ಒದ್ದೆ ಕೈಯಾಡಿಸಿದರೆ ಸಾಕು, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂ ಆಯಿತು ಎಂದು ಅಲ್ಲಿಯ ಹಿರಿಯರು ಮೊದಲೇ ಹೇಳಿದ್ದರು. ಹಾಗಾಗಿ ಪಟ್ಟಿ ಇನ್ನೂ ಇತ್ತು. ಈಗ ಬಿಚ್ಚಿ ತೊಳೆಯಬೇಕೆಂದು ಹಿತ್ತಲಿಗೆ ಬಂದರೆ ಹಂಡೆ ಖಾಲಿ. ಡ್ರಮ್ಮು ಖಾಲಿ. ಕೊಡಗಳೆಲ್ಲ ಬೋರಲು ಬಿದ್ದಿದ್ದವು.

“ಸೈದಾಬೀ, ನೀರ ಎಲ್ಲಿ?”

“ನಾ ಏನ್ ಮಾಡ್ಲಿ? ನಿನ್ನೆ ಬಂದಿದ್ದಷ್ಟ ಬಂತು.”

ಅಷ್ಟರಲ್ಲಿ ಹಿತ್ತಲ ಗೋಡೆಯ ಆಚೆಯಿಂದ ಎರಡು ಸಲ ಕೆಮ್ಮು ಕೇಳಿಸಿತು.

“ನೀ...ರು ಬರಂಗಿಲ್ರೀ ಇವತ್ತ! ಮೋಟಾರ ಸುಟ್ಟೈತಿ! ಸಂಜೀತನಾ ದಾರಿ ನೋಡಬ್ಯಾಡ್ರೀ!”

“ಏ ಕಾಂತೂ, ಒಂದ ಕೊಡಾ ಎಲ್ಲೆರ ಸಿಗ್ತೈತೇನೋ?” ಮೋದಿನಸಾಬ ಕೂಗಿದ.

ಮತ್ತೆ ಎರಡು ಕೆಮ್ಮು. “ಟಾಕಿ ತಳಾ ಕಂಡೈತಿ ಮಾಮಾ! ನನಗ ಮಾರಿ ತೊಳ್ಯಾಕ ನೀ...ರಿಲ್ಲ!”

ಬಸ್ಸಿಗೆ ಕಾಲು ಗಂಟೆ ಉಳಿದಿತ್ತು. ಮೆಹನಾಜ ಓಣಿಯ ಕಡೆಯಿಂದ ಖಾಲಿ ಕೊಡ ಹಿಡಿದು ಏದುಸಿರು ಬಿಡುತ್ತ ಬಂದಳು. “ಎಲ್ಲೂ ಇಲ್ಲ ಅಬ್ಬಾ. ನಡಿ, ಬಸ್ಸು ತಪ್ತೈತಿ.”

ಅವನು ಕಾಂತುವನ್ನು ಬೈದ, ಪಂಚಾಯತಿಯನ್ನು ಬೈದ, ಮೋಟಾರು ಮಾಡಿದವನನ್ನು ಬೈದ. ಬೈಯುತ್ತಲೇ ಬಸ್ಸು ಹತ್ತಿದ. ವಿಜಯಪುರ ಮುಟ್ಟುವವರೆಗೆ ಕಾಲನ್ನು ಚೀಲದ ಹಿಂದೆ ಬಚ್ಚಿಟ್ಟುಕೊಂಡು ಕುಳಿತ. ಯಾರೂ ಎದ್ದು ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಅಜ್ಜ ಅವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಯನ್ನೂ ಮಾಡಿದ. ಅದು ಮೋದಿನಸಾಬನಿಗೆ ಯಾಕೋ ಬಹಳ ಹಿಡಿಸಿತು. ಅಜ್ಜ ಇಳಿಯುವವರೆಗೆ ಅವನು ಹೆಗಲು ಅಲುಗಿಸಲಿಲ್ಲ.

ಡಾಕ್ಟರಮ್ಮ ಪಟ್ಟಿಯನ್ನು ಪದರ ಪದರವಾಗಿ ಬಿಚ್ಚಿದರು. ಒಳಗಿನ ಪದರದಲ್ಲಿ ಕೀವಿನ ಕಲೆಯ ನಡುವೆ ಹಳದಿ ಬಿಳಿ ಹರಳು ಹದಿನೈದಿಪ್ಪತ್ತು ಅಂಟಿಕೊಂಡಿದ್ದವು. ಮೋದಿನಸಾಬ ಮುಖ ತಿರುಗಿಸಿದ. ಆದರೆ ಡಾಕ್ಟರಮ್ಮನ ಮುಖ ಅರಳಿತು. ಮೂರು ವರ್ಷದಲ್ಲಿ ಅವನ ಕಾಲು ನೋಡಿ ಯಾರ ಮುಖವೂ ಹಾಗೆ ಅರಳಿರಲಿಲ್ಲ.

“ಶಾಬಾಸ್ ಚಾಚಾ! ಇದ ಬೇಕಾಗಿತ್ತು.”

ಚಿಮಟಿಗೆಯಿಂದ ಒಂದೊಂದೇ ಹರಳು ಎತ್ತಿ ಗಾಜಿನ ಡಬ್ಬಿಗೆ ಹಾಕಿದರು. ಒಂದನ್ನು ಗಾಜಿನ ಪಟ್ಟಿಯ ಮೇಲೆ ಒತ್ತಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. ತಾವು ನೋಡಿದ ಮೇಲೆ ಅವನನ್ನೂ ಕರೆದು ನೋಡಿಸಿದರು. ನೂಲಿನ ಗಂಟಿನಂಥ ಸಿಕ್ಕು ಸಿಕ್ಕು ಎಳೆಗಳು. ಮೂರು ವರ್ಷ ತನ್ನ ಕಾಲಿನಲ್ಲಿ ಮನೆ ಮಾಡಿಕೊಂಡಿದ್ದವರನ್ನು ಮೋದಿನಸಾಬ ಆ ದಿನ ಮೊದಲ ಸಲ ಕಣ್ಣಾರೆ ಕಂಡ.

“ಎಳಿ ಬಾಳ ಸಣ್ಣವು. ಬ್ಯಾಕ್ಟೀರಿಯಾದ್ದ ಇರಬೇಕು. ಚೂರಿನ ಪರೀಕ್ಷಾ ಬಂದ ಮ್ಯಾಲೆ ಪಕ್ಕಾ ಹೇಳ್ತೇನಿ. ಎಕ್ಸ್‌ರೇದಾಗ ಎಲುಬು ಇನ್ನೂ ಚಲೋ ಐತಿ.”

ಕಾಲಿಗೆ ಜೋಮು ಹಿಡಿಸಿ ಆಳದಿಂದ ಸಣ್ಣ ಚೂರು ತೆಗೆದರು. ಪರೀಕ್ಷೆಯ ಉತ್ತರ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಮೋದಿನಸಾಬ ಮಗಳ ಫೋನು ಗುನುಗಿದರೂ ಬೆಚ್ಚುತ್ತಿದ್ದ. ಸೈದಾಬಿ ನಮಾಜಿನ ಚಾಪೆಯ ಮೇಲೆ ಹೆಚ್ಚು ಹೊತ್ತು ಕೂಡುತ್ತಿದ್ದಳು. ಕೊನೆಗೆ ಉತ್ತರ ಬಂತು. ಅದು ಬ್ಯಾಕ್ಟೀರಿಯಾದ್ದೇ ಆಗಿತ್ತು, ಔಷಧಿಗೆ ಬಗ್ಗುವ ಜಾತಿ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಅಲ್ಲ.

“ಕೊಯ್ಯೂ ಮಾತು ಸದ್ಯಕ್ಕ ಇಲ್ಲ” ಎಂದರು ಡಾಕ್ಟರಮ್ಮ. “ಆದ್ರ ಇದು ಐದು ದಿನದ ಗುಳಿಗೀಗೆ ಹೋಗೂದಲ್ಲ. ಸುತ್ತು ಸುತ್ತಿನ ಇಂಜಕ್ಷನ್ನು, ಜೋಡಿಗೆ ದಿನಾ ಗುಳಿಗಿ. ವರ್ಷದ ಮ್ಯಾಲೂ ಬೇಕಾದೀತು. ನಡು ನಡುವ ರಕ್ತ, ಕಿಡ್ನಿ, ಕಿವಿ ಪರೀಕ್ಷಾ ಮಾಡಸಬೇಕು. ಕಿವ್ಯಾಗ ಗುಂಯ್ ಅಂದ್ರ, ಮೈಮ್ಯಾಲೆ ಕೆಂಪು ಗಂದಿ ಎದ್ರ ಅವತ್ತ ಬಂದು ಹೇಳಬೇಕು. ನೀವಾಗೇ ಮಾತ್ರ ಬಿಡಬಾರ್ದು.”

ನಾಲ್ಕನೆಯ ತಿಂಗಳಿಗೆ ತೂತುಗಳು ಮುಚ್ಚಿದವು. ಮೋದಿನಸಾಬ ಗುಳಿಗೆಯ ಚೀಟಿಯನ್ನು ಮಡಚಿ ಜೇಬಿಗಿಟ್ಟು, “ಆತಲ್ಲ ಇನ್ನ?” ಎಂದ. ಸೈದಾಬಿ ಗೋಧಿ ಡಬ್ಬಿಯ ಹಿಂದಿನಿಂದ ಚಪ್ಪಲಿ ಪೆಟ್ಟಿಗೆ ತಂದು ಅವನ ಮುಂದಿಟ್ಟಳು. ಮುಚ್ಚಳ ತೆರೆದಳು. ಎರಡೂ ಇದ್ದವು. ಅವನು ಕೈಚಾಚಿ, “ಗುಳಿಗಿ ಕೊಡ” ಎಂದ.

ಹದಿನಾಲ್ಕು ತಿಂಗಳ ಮೇಲೆ ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ ಔಷಧಿ ನಿಲ್ಲಿಸಿದರು. ಆಗಾಗ ಬಂದು ತೋರಿಸಬೇಕೆಂದು ಎಚ್ಚರಿಸಿ ಕಳಿಸಿದರು. ಕಾಲಿನ ಮೇಲೆ ಕಪ್ಪು ಕಲೆ ಉಳಿದವು, ಪಾದ ಒಂದಿಷ್ಟು ದಪ್ಪಗೆ ಉಳಿಯಿತು. ಆದರೆ ಕಾಲು ಉಳಿಯಿತು. ಅವನು ಮತ್ತೆ ಕೆಲಸಕ್ಕೆ ಹೋದ ದಿನ ಚನ್ನಬಸಯ್ಯನವರು ತೋಟದ ಬಾಗಿಲಿಗೆ ಬಂದು ಎಲ್ಲರ ಎದುರಿಗೆ ಹೇಳಿದರು: “ಗದ್ದಿಗೀ ಕಟ್ಟೀ ಹತ್ರ ಚಪ್ಪಲಿ ಬಿಡ್ರಿ, ಸಾಕು. ಗಿಡದ ಬುಡಕ ಬೂಟ ಹಾಕೊಂಡ ಹೋಗ್ರಿ. ನಮ್ಮ ಹಿರ್‍ಯಾರು ಯಾರ ಕಾಲೂ ಬೇಡೂದಿಲ್ಲ.”

ಆ ತಿಂಗಳ ಸ್ವಸಹಾಯ ಸಂಘದ ಸಭೆಗೆ ರಾಜೇಶ್ವರಿ ಮೋದಿನಸಾಬನನ್ನು ಕರೆದಳು. ಅಂಗನವಾಡಿಯ ಬಾಗಿಲಲ್ಲಿ ಅವನು ರಂಜಾನಿನ ಚಪ್ಪಲಿಗಳನ್ನು ಜೋಡಿಸಿ ಬಿಟ್ಟ. ಒಳಗೆ ಬಂದು ಬಲಗಾಲನ್ನು ಸ್ಟೂಲಿನ ಮೇಲಿಟ್ಟು ಎಲ್ಲರಿಗೂ ತೋರಿಸಿದ. ಲಕ್ಕವ್ವ ತನ್ನ ಕೈಯಾರೆ ಚಹಾ ತಂದುಕೊಟ್ಟು ಅವನ ಪಕ್ಕದಲ್ಲೇ ಕುಳಿತಳು. ಅವನು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಎಷ್ಟೋ ದಿನದ ಮೇಲೆ ಅವನ ಗಂಟಲಿಗೆ ಮಂದಿ ಮರಳಿ ಬಂದರು. ಡಾಕ್ಟರಮ್ಮ ಬಂದರು, ಬೇರು ಕಳಿಸಿದ ಮಸೂತಿಯ ತಂಗಿ ಬಂದಳು, ಕೊನೆಗೆ ಕಾಂತುವೂ ಬಂದ.

“ಎಲ್ಲಾಕ್ಕಿಂತ ದೊಡ್ಡ ಉಪಕಾರ ಮಾಡಿದಾಂವ ನಮ್ಮ ಕಾಂತು! ಅವತ್ತ ಗ್ವಾಡಿ ಹಿಂದ ನಿಂತು...” ಎರಡು ಸಲ ಕೆಮ್ಮಿದ. “ನೀ...ರು ಬರಂಗಿಲ್ರೀ! ಮೋಟಾರ ಸುಟ್ಟೈತಿ! ಅಂದ. ಅಂವಾ ನೀರ ಬಿಟ್ಟಿದ್ರ ನಾ ಹರಳು ತೊಳದಬಿಡ್ತಿದ್ದೆ.”

ಬಾಗಿಲಲ್ಲಿ ನಿಂತಿದ್ದ ಕಾಂತು ತಲೆ ಕೆರೆದುಕೊಂಡ. “ನಾ ಎಲ್ಲಿ ಅಂದೆ ಮಾಮಾ? ನೀ ಪಟ್ಟೀ ಕಟಗೊಂಡು ವಿಜಯಪುರಕ್ಕ ಹೋದ ದಿನಾ ನಾ ಅಕ್ಕನ ಮಗಳ ಮದುವಿಗೆ ಸಿಂದಗಿಯೊಳಗಿದ್ದೆ. ಮೋಟಾರ ಸುಟ್ಟಿದ್ದ ಇಲ್ಲ.”

ಮೋದಿನಸಾಬ ಬಾಯಿ ತೆರೆದವನು ಹಾಗೆಯೇ ಉಳಿದ.

ಹೆಣ್ಣುಮಕ್ಕಳು ಕುಳಿತ ಕಡೆಯಿಂದ ಎರಡು ಸಲ ಕೆಮ್ಮು ಕೇಳಿಸಿತು. “ಟಾಕಿ ತಳಾ ಕಂಡೈತಿ ಮಾಮಾ! ನನಗ ಮಾರಿ ತೊಳ್ಯಾಕ ನೀ...ರಿಲ್ಲ!”

ಕಾಂತುವಿನ ದನಿ. ಆದರೆ ಕಾಂತು ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದ. ದುಪಟ್ಟಾವನ್ನು ಬಾಯಿಗೆ ಅಡ್ಡ ಹಿಡಿದವಳು ಮೆಹನಾಜ.

“ಅವತ್ತ ನಮ್ಮ ಹಿತ್ತಲ ಲಿಂಬಿ ಗಿಡಾ ಹೊಟ್ಟಿತುಂಬ ಕುಡೀತ್ರಿ” ಎಂದಳು ಸೈದಾಬಿ ಮೆಲ್ಲಗೆ. “ಒಂದ ಡ್ರಮ್ಮು, ಒಂದ ಹಂಡೆ, ಆರ ಕೊಡಾ. ನಾನ ಸುರವಿದೆ.”

ಮೋದಿನಸಾಬ ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ. ಊರ ಮಂದಿಯ ದನಿ ಕದ್ದವನ ಕಸಬನ್ನು ಅವನ ಮನೆಯಲ್ಲೇ ಕದ್ದಿದ್ದರು. ಅವನಿಗೆ ಸಿಟ್ಟು ಬಂತೋ ನಗು ಬಂತೋ ಎಂದು ಎಲ್ಲರೂ ಅವನ ಮುಖ ನೋಡುತ್ತ ಕುಳಿತಿದ್ದಾರೆ. ಅವನು ತೀರ್ಮಾನ ಮಾಡುವಷ್ಟರಲ್ಲಿ ಓದುವ ನಿಮಗೆ ನಾಲ್ಕು ಮಾತು ಹೇಳಿಬಿಡುತ್ತೇನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಅಕ್ಕ ಅಣ್ಣಂದಿರೇ, ನಿಮ್ಮ ಹೊಲದಲ್ಲಿ ಲಿಂಬೆಯ ಮುಳ್ಳಿರಲಿ, ಜಾಲಿಯ ಮುಳ್ಳಿರಲಿ, ಕಬ್ಬಿನ ಕೂಳೆಯಿರಲಿ, ಬರಿಗಾಲಲ್ಲಿ ಹೋಗಬೇಡಿ. ಮುಳ್ಳು ಚುಚ್ಚಿದರೆ ಕೂಡಲೇ ತೆಗೆದು, ಸಾಬೂನು ನೀರಿನಿಂದ ತೊಳೆಯಿರಿ. ಎಕ್ಕೆಯ ಹಾಲು ಬೇಡ. ತಿಂಗಳು ಕಳೆದರೂ ಮಾಯದ ಗಾಯ, ನೋವಿಲ್ಲದ ಗಂಟು, ಮುಚ್ಚಿ ಮತ್ತೆ ತೆರೆಯುವ ತೂತು ಇದ್ದರೆ ಆಶಾ ಅಕ್ಕನಿಗೆ ಹೇಳಿ, ಸರ್ಕಾರಿ ದವಾಖಾನೆಗೆ ಹೋಗಿ. ನೋವಿಲ್ಲ ಎಂದರೆ ರೋಗವಿಲ್ಲ ಎಂದಲ್ಲ. ಮೆಡಿಕಲ್ ಅಂಗಡಿಯ ಅರ್ಧಮರ್ಧ ಗುಳಿಗೆ ರೋಗವನ್ನು ಓಡಿಸುವುದಿಲ್ಲ, ಬಚ್ಚಿಡುತ್ತದೆ. ಗಾಯವನ್ನು ತೊಳೆಯಬೇಡಿ ಎಂದು ಯಾರೂ ಹೇಳುತ್ತಿಲ್ಲ, ದಿನಾ ಚೊಕ್ಕ ಇಡಿ. ಆದರೆ ಡಾಕ್ಟರಿಗೆ ತೋರಿಸುವ ದಿನ ಅವರು ಹೇಳಿದ ಹಾಗೆ ಹೋಗಿ. ಕೀವಿನಲ್ಲಿ ಹರಳು ಬಂದಿದ್ದರೆ ಪಟ್ಟಿಯನ್ನು ಚೊಕ್ಕ ಡಬ್ಬಿಯಲ್ಲಿಟ್ಟು ಒಯ್ಯಿರಿ. ಯಾವಾಗ ಚುಚ್ಚಿತು, ಎಲ್ಲಿ ಚುಚ್ಚಿತು, ಒಳಗಿನಿಂದ ಏನು ಬಂತು, ಒಂದನ್ನೂ ನಾಚಿಕೆಯಿಂದ ನುಂಗಬೇಡಿ. ನುಂಗಬೇಕಾದ್ದು ಗುಳಿಗೆ ಮಾತ್ರ, ಅದೂ ಡಾಕ್ಟರು ಸಾಕು ಎನ್ನುವವರೆಗೆ. ನೆರೆಯವರ ಕಾಲಿನಲ್ಲಿ ಗಾಯ ಕಂಡರೆ ನಿಮ್ಮ ಕಪ್ಪನ್ನು ದೂರ ಸರಿಸಬೇಡಿ, ಅವರ ಜೊತೆ ಬಸ್ಸು ಹತ್ತಿ.

ಇನ್ನು ಅಂಗನವಾಡಿಗೆ ಮರಳೋಣ. ಮೋದಿನಸಾಬ ಸ್ಟೂಲಿನ ಮೇಲಿಂದ ಕಾಲಿಳಿಸಿ ಎದ್ದು ನಿಂತ. ಎರಡು ಸಲ ಕೆಮ್ಮಿದ. ಏನೋ ಹೇಳಲು ಹೋದ, ಆಗಲಿಲ್ಲ. ಹೊಟ್ಟೆಯ ಆಳದಿಂದ ನಗು ಎದ್ದು ಬಂತು. ಲಕ್ಕವ್ವ ನಕ್ಕಳು, ರಾಜೇಶ್ವರಿ ನಕ್ಕಳು, ಏನೂ ಮಾಡದೆ ಉಪಕಾರಿಯಾಗಿದ್ದ ಕಾಂತುವೂ ನಕ್ಕ. ಮೋದಿನಸಾಬನ ನಗು ಅವರೆಲ್ಲರ ನಗೆಗಿಂತ ಜೋರಾಗಿತ್ತು. ಯಾರಿಂದಲೂ ಕದ್ದದ್ದಲ್ಲ, ಅದು ಅವನದೇ ದನಿ. ಎರಡೂ ಕಾಲ ಮೇಲೆ ಗಟ್ಟಿಯಾಗಿ ನಿಂತು, ಕಣ್ಣೊರೆಸಿಕೊಳ್ಳುತ್ತ ಅವನು ನಗುತ್ತಲೇ ಇದ್ದ.